ಪಡಸಾಲೆಯಲ್ಲಿ ಬರೆದ ಕೋಟೆ

ನನ್ನ ಮೊಮ್ಮಗಳ ಸಂಶೋಧನೆಗೆ ಪುಣೆಯಲ್ಲಿ ಒಪ್ಪಿಗೆ ಸಿಕ್ಕಿತು! ನಮ್ಮ ಮನೆಯ ಹೆಣ್ಣುಮಗಳು ಡಾಕ್ಟರ್ ಆಗುತ್ತಾಳೆ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್. ವಿಷಯ ಕೇಳಿದರೆ ನೀವು ನಕ್ಕೀರಿ. ಆಟ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಹುಡುಗರು ಆಡುವ ವಿಡಿಯೋ ಗೇಮ್. ಅದರಲ್ಲಿ ರಾಜರು, ಕೋಟೆ, ದಂಡು ಎಲ್ಲ ಇರುತ್ತವೆ. ಆಡುತ್ತಾ ಆಡುತ್ತಾ ಮಕ್ಕಳು ಇತಿಹಾಸ ಕಲಿಯುತ್ತಾರೋ, ಕಲಿತರೆ ಯಾರ ಇತಿಹಾಸ ಕಲಿಯುತ್ತಾರೆ, ಇದನ್ನು ಅವಳು ವರ್ಷಗಟ್ಟಲೆ ಕೂತು ಹುಡುಕಬೇಕಂತೆ. ಅದಕ್ಕೆ ದೊಡ್ಡ ದೊಡ್ಡ ಪ್ರೊಫೆಸರರು ತಲೆಯಾಡಿಸಿದರಂತೆ!

ಫೋನು ಬಂದಾಗ ನಾನು ಸೊಲ್ಲಾಪುರದ ನಮ್ಮ ಮನೆಯ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಸೊಸೆ ಓಡಿಬಂದು ಸುದ್ದಿ ಹೇಳಿದಳು. ಖುಷಿಗೆ ಏನು ಮಾಡಬೇಕೆಂದು ತಿಳಿಯದೆ, ಕೈಯಲ್ಲಿದ್ದ ಬೀಜವನ್ನೇ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕತೊಡಗಿದೆ. ಹುಣಸೆ ಬೀಜದ ಒಂದು ಮೈ ತಿಕ್ಕಿದರೆ ಒಳಗಿನ ಬಿಳುಪು ಕಾಣುತ್ತದೆ, ಸುಟ್ಟ ವಾಸನೆ ಏಳುತ್ತದೆ. ಕವಡೆ ಇಲ್ಲದವರು ಚೌಕಾಬಾರಕ್ಕೆ ಹೀಗೇ ದಾಳ ಮಾಡಿಕೊಳ್ಳುವುದು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಖುಷಿಯೊಳಗೇ ಸಿಟ್ಟು ಎದ್ದಿತು. ಐವತ್ತು ವರ್ಷದ ಸಿಟ್ಟು... ಸಾಲೆಯಲ್ಲಿ ನಮಗೆ ಪಾಠ ಹೇಳಿದ ಅಕ್ಕೋರು ಕಣ್ಣ ಮುಂದೆ ಬಂದು ನಿಂತರು.

ನನ್ನ ತವರು ಅಕ್ಕಲಕೋಟೆಯ ಹತ್ತಿರದ ಹಳ್ಳಿ. ಎಪ್ಪತ್ತರ ದಶಕದ ಮಾತು. ನಮ್ಮ ಕನ್ನಡ ಸಾಲೆಗೆ ಅಕ್ಕೋರು ದಿನಾ ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯಾಹ್ನ ನಮ್ಮ ಸಾಲಿನಲ್ಲೇ ಊಟಕ್ಕೆ ಕೂಡುವರು. ಒಬ್ಬೊಬ್ಬಳ ಬುತ್ತಿಯಿಂದ ಚಿಟಿಕೆ ಚಟ್ನಿ ನೆಕ್ಕಿ, ಇದು ಸಿಟ್ಟಿನಲ್ಲಿ ಕುಟ್ಟಿದ್ದು, ಇದು ಹಾಡು ಹೇಳುತ್ತಾ ಕುಟ್ಟಿದ್ದು ಎಂದು ನಮ್ಮ ಅವ್ವಂದಿರ ಗುಟ್ಟು ಬಿಚ್ಚುವರು. ನಾವು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಳ್ಳುತ್ತಿದ್ದೆವು.

ಇತಿಹಾಸವೆಂದರೆ ನಮಗೆ ನಿದ್ದೆ. ಒಂದು ದಿನ ಅಕ್ಕೋರು ಪುಸ್ತಕ ಮುಚ್ಚಿ, ಸಾಲೆಯ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ದೊಡ್ಡ ಚೌಕ ಬರೆದರು. ನಟ್ಟನಡುವೆ ಸೊಲ್ಲಾಪುರದ ಕೋಟೆ, ಸುತ್ತ ಕಂದಕ. ಒಂದು ಮೂಲೆಗೆ ವಿಜಾಪುರ, ಇನ್ನೊಂದು ಮೂಲೆಗೆ ಅಹಮದನಗರ. ಇಬ್ಬರು ಹುಡುಗಿಯರು ಸುಲ್ತಾನರು. ಉಳಿದವರು ದಾರಿಯ ಮನೆಗಳಲ್ಲಿ ಕೂಡುವ ರೈತರು. ನಮ್ಮ ಮುಂದೆ ಜೋಳವೆಂದು ಸಣ್ಣ ಹರಳು. ಹುಣಸೆ ಬೀಜ ಎಸೆದು ದಂಡು ನಡೆಸಬೇಕು. ದಂಡು ಯಾರ ಮನೆಯಲ್ಲಿ ಇಳಿಯಿತೋ ಅವರ ಜೋಳ ತಿನ್ನುತ್ತದೆ.

ನನಗೆ ಬಂದದ್ದು ದಾರಿಯ ಮೇಲಿನ ಕುಂಭಾರಿ ಎಂಬ ಊರಿನ ಮನೆ. ವಿಜಾಪುರದವಳು ಕೋಟೆಗೆ ಹೋಗುವಾಗ ಇಳಿದಳು, ಸೋತು ತಿರುಗುವಾಗ ಇಳಿದಳು. ಅವಳನ್ನು ಅಟ್ಟಿಸಿಕೊಂಡು ಬಂದ ಅಹಮದನಗರದವಳೂ ಇಳಿದಳು. ನನ್ನ ಮುಂದೆ ಒಂದು ಹರಳೂ ಉಳಿಯಲಿಲ್ಲ. ಗೆದ್ದವಳು ಕೈ ತಟ್ಟಿ ಕುಣಿಯುತ್ತಿದ್ದಳು. ನಾನು ಸಿಟ್ಟಿನಿಂದ ಎದ್ದು ನಿಂತೆ.

“ಅಕ್ಕೋರೆ, ಯಾರರೆ ಗೆಲ್ಲಲಿ, ಹೋಗೋದು ನನ್ನ ಜ್ವಾಳಾನ ಏನ್ರಿ? ಇದು ಪುಸ್ತಕದಾಗ ಎಲ್ಲೈತ್ರಿ?”

ಅಕ್ಕೋರು ನನ್ನನ್ನೇ ನೋಡಿದರು.

“ಪುಸ್ತಕದಾಗ ಇಲ್ಲವಾ. ಅದಕ್ಕಽ ನಿನ್ನ ಅಲ್ಲಿ ಕುಂದರಿಸೀನಿ.”

ಅಂದಿನಿಂದ ನನಗೆ ಇತಿಹಾಸದಲ್ಲಿ ನಿದ್ದೆ ಬರಲಿಲ್ಲ. ಯಾವ ರಾಜನ ಪಾಠ ಬಂದರೂ, ಇವನ ದಂಡು ಯಾರ ಹೊಲದಲ್ಲಿ ಇಳಿಯಿತು ಎಂದು ಕೇಳುತ್ತಿದ್ದೆ. ನಾನೂ ಅಕ್ಕೋರ ಹಾಗೆ ಸಾಲೆ ಕಲಿಸಬೇಕು ಎಂಬ ಆಸೆ ಮನಸ್ಸಿನಲ್ಲಿ ಕೂತಿತು.

ಆದರೆ ಬೀಜ ಉರುಳುವ ಸದ್ದು, ಹುಡುಗಿಯರ ಕೂಗು ಎದುರಿನ ಕಟ್ಟೆಗೆ ಕೇಳುತ್ತಿತ್ತು. ಕಟ್ಟೆಯ ಮೇಲೆ ಯಾರು? ನಾಗರಪಂಚಮಿ ಬಂದರೆ ಹಗಲೆಲ್ಲ ಅಲ್ಲೇ ಜೂಜಿಗೆ ಕೂತು, ಹೆಂಡಿರ ಬುಗುಡಿ ಒತ್ತೆ ಇಡುವ ಗಂಡಸರು! ಹಬ್ಬದ ಜೂಜಿಗೆ ಪಾಪವಿಲ್ಲ ಎನ್ನುವುದು ನಮ್ಮ ಕಡೆಯ ರೂಢಿ. ಪಂಚಮಿ ಮುಗಿದ ಮೇಲೆ ದಾಳ ಮುಟ್ಟಿದರೆ ಮಾತ್ರ ಮನೆಗೆ ಕೇಡಂತೆ. ಅದೂ ಹೆಣ್ಣುಮಕ್ಕಳು ಮುಟ್ಟಿದರೆ ಕೇಳಲೇಬೇಡಿ.

ಒಂದು ದಿನ ಊರ ಹಿರಿಯನೊಬ್ಬ ನಾಲ್ಕು ಜನರನ್ನು ಕಟ್ಟಿಕೊಂಡು ಸಾಲೆಗೆ ನುಗ್ಗಿದ. ಅವರ ಹಿಂದೆ ನಮ್ಮಪ್ಪನೂ ಇದ್ದ. ಹುಡುಗ್ಯಾರಿಗೆ ಜೂಜು ಕಲಿಸಲು ಪಗಾರ ತಗೋತೀರೇನು ಎಂದು ಹಿರಿಯ ಕೇಳಿದ. ಅಕ್ಕೋರು ದನಿ ಏರಿಸಲಿಲ್ಲ. ಇದು ಇತಿಹಾಸದ ಪಾಠ, ನೀವೂ ಒಂದು ಆಟ ಕೂತು ನೋಡಿ ಎಂದರು. ಯಾರೂ ಕೂಡಲಿಲ್ಲ. ಹಿರಿಯ ಚಪ್ಪಲಿ ಕಾಲಿನಿಂದಲೇ ಕೋಟೆಯನ್ನು ಅಳಿಸಿದ. ಕಂದಕ ಹೋಯಿತು, ವಿಜಾಪುರ ಹೋಯಿತು, ನನ್ನ ಕುಂಭಾರಿಯೂ ಹೋಯಿತು.

ಗುಡಿಗೆ ಬಂದು, ಹೊಸ್ತಿಲು ಮುಟ್ಟಿ, ಇನ್ನು ದಾಳ ಹಿಡಿಯುವುದಿಲ್ಲ ಎಂದು ಆಣೆ ಮಾಡಿದರೆ ಬಿಡುತ್ತೇವೆ ಎಂದು ಅವನ ಜತೆ ಬಂದ ಊರ ಪಂಚರು ಹೇಳಿದರು.

“ಕಳ್ಳರು ಆಣಿ ಮಾಡ್ತಾರ್ರಿ. ನಾ ಪಾಠ ಮಾಡೀನಿ,” ಎಂದರು ಅಕ್ಕೋರು.

ಅಷ್ಟೇ. ಆ ತಿಂಗಳೊಳಗೆ ಅವರನ್ನು ಬೇರೆಲ್ಲಿಗೋ ಹಾಕಿಸಿದರು. ದುಧನಿ ಕಡೆ ಎಂದರು ಕೆಲವರು, ಇನ್ನೂ ದೂರ ಎಂದರು ಕೆಲವರು... ಹೋಗುವ ದಿನ ನಮ್ಮನ್ನು ಬಸ್ ನಿಲ್ದಾಣಕ್ಕೂ ಬಿಡಲಿಲ್ಲ. ನಮ್ಮಪ್ಪ, ಇಂಥ ಸಾಲೆ ಸಾಕು ಎಂದು ನನ್ನ ಪಾಟಿಚೀಲವನ್ನು ಅಟ್ಟಕ್ಕೆ ಎಸೆದ. ನನ್ನ ಓದು ಏಳನೆಯ ಇಯತ್ತೆಗೇ ನಿಂತಿತು. ಮುಂದೆ ಮದುವೆ, ಸೊಲ್ಲಾಪುರ, ಚಾದರದ ಅಂಗಡಿಯ ಸಂಸಾರ.

ಈಗ ಹೇಳಿ, ನನಗೆ ಸಿಟ್ಟು ಬರಬೇಕೋ ಬೇಡವೋ? ಇಂದು ಎಸಿ ಕೋಣೆಯಲ್ಲಿ ಕೂತವರು, ಆಟದಿಂದ ಪಾಠ ಎನ್ನುವುದನ್ನು ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡುತ್ತಾರೆ. ನಮ್ಮ ಅಕ್ಕೋರು ಸುಣ್ಣದ ಕಡ್ಡಿಯಿಂದ ಮಾಡಿದರೆ ಅದು ಜೂಜು! ಹೋದ ವರ್ಷ ಮೊಮ್ಮಗಳು ಅಂಥದೊಂದು ಆಟ ತೋರಿಸಿದಳು. ಬೆರಳು ಒತ್ತಿದರೆ ಹೊಲ ಹೊತ್ತಿ ಉರಿಯಿತು. ಅದು ಯಾರ ಹೊಲ ಎಂದು ಕೇಳಿದೆ. ಆಟದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಅಂದೇ ಅವಳಿಗೆ ಅಕ್ಕೋರ ಕತೆ ಹೇಳಿದ್ದೆ. ಅದೇ ಅವಳ ಸಂಶೋಧನೆಯ ಮೊದಲ ಪ್ರಶ್ನೆಯಾಯಿತಂತೆ.

ಇವತ್ತು ಸಂಜೆ ಅವಳು ಪುಣೆಯಿಂದ ಬಂದಳು. ಮಗ ಅಂಗಡಿ ಬೇಗ ಮುಚ್ಚಿದ, ಮಗಳು ಅಳಿಯನನ್ನು ಕರಕೊಂಡು ಬಂದಳು. ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಮೊಮ್ಮಗಳು ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

“ಅಜ್ಜಿ, ನನ್ನ ಪ್ರಬಂಧದ ಮೊದಲನೇ ಪಾನಿನ ಮ್ಯಾಲೆ ನಿಮ್ಮ ಅಕ್ಕೋರ ಹೆಸರು ಹಾಕ್ತೀನಿ. ಏನಂತ ಹಾಕ್ಲಿ?”

ಅವರ ಹೆಸರು ನನಗೇ ಗೊತ್ತಿರಲಿಲ್ಲ. ಮರೆತದ್ದಲ್ಲ; ಕೇಳಿಯೇ ಇರಲಿಲ್ಲ. ಗುರುಗಳ ಹೆಸರು ಎತ್ತುವುದು ನಮ್ಮಲ್ಲಿ ಉದ್ಧಟತನ. ನಾವು ಅಕ್ಕೋರು ಎಂದೆವು, ಊರವರು ಸಾಲಿ ಬಾಯಿ ಎಂದರು. ಕೋಟೆ ಅಳಿಸಿದವನ ಹೆಸರು ದಾನಿಯೆಂದು ಸಾಲೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದೆ. ಅಕ್ಕೋರ ಹೆಸರು ಎಲ್ಲಿದೆ? ಅವರು ಇದ್ದಾರೋ ಇಲ್ಲವೋ, ಅದನ್ನಾದರೂ ಯಾರನ್ನು ಕೇಳಲಿ...

ನಮ್ಮ ಅಜ್ಜಿಯ ಅಕ್ಕೋರಿಗೆ ಎಂದು ಬರೆದರಾಯಿತು ಎಂದ ಮಗ, ನನ್ನ ಕಣ್ಣು ನೋಡಿ.

“ಅಷ್ಟು ಸಾಲಂಗಿಲ್ಲೋ,” ಎಂದೆ. “ನಾಳೆ ಅಕ್ಕಲಕೋಟಿಗಿ ಹೋಗೂಣು. ಯಾರರೆ ಒಬ್ಬರಿಗೆ ಗೊತ್ತಿರತೈತಿ.”

ಹೂಂ ಎಂದಳು ಮೊಮ್ಮಗಳು. ಸೊಸೆ ಎಲ್ಲರ ತಾಟಿಗೂ ಇನ್ನೊಂದೊಂದು ಹೋಳಿಗೆ ಹಾಕಿ, ತುಪ್ಪ ಸುರಿದು, ತಾನೂ ನಮ್ಮ ಪಕ್ಕದಲ್ಲಿ ಕೂತು ಉಣ್ಣತೊಡಗಿದಳು.