ಮಿಸೆಸ್ ಫ್ಲ್ಯಾನಗನ್ ಆದ ಕಾಂತಾಮಣಿ

ಕಾಂತಾಮಣಿ ಪಾದ್ರಿಯನ್ನು ಕೊಲ್ಲಲಿದ್ದಾಳೆ ಎಂಬ ವಿಷಯ ಊರಲ್ಲಿ ಗುಡ್ರುನ್ ಒಬ್ಬಳಿಗೇ ಗೊತ್ತಿತ್ತು. ಗಂಡ ಯಶವಂತನಿಗೂ ಹೇಳಬಾರದು ಎಂದು ಗುಡ್ರುನ್ ಆಣೆ ಮಾಡಿಸಿದ್ದಳು. ಕಾಂತಾಮಣಿ ಆಣೆಯೇನೋ ಮಾಡಿದಳು. ಆದರೆ ಸಂತೋಷ ಹೊಟ್ಟೆಯಲ್ಲಿ ನಿಲ್ಲದೆ ಮಗಳು ಸಿಂಚನಾಳ ಕಿವಿಯಲ್ಲಿ ಹೇಳಿಬಿಟ್ಟಳು.

ಕಾಂತಾಮಣಿ ಕೆ.ಆರ್. ನಗರದ ಕಡೆಯವಳು. ಯಶವಂತನಿಗೆ ಜರ್ಮನಿಯ ರೆನ್ನಿಂಗೆನ್‌ನಲ್ಲಿ ಕೆಲಸ, ಇವರ ಮನೆ ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಆ ಹಳ್ಳಿಯ ಬೇಕರಿಯಲ್ಲಿ ಬೆಳಗಿನ ಹೊತ್ತು ಕೌಂಟರಿನ ಹಿಂದೆ ನಿಲ್ಲುವವಳು ಅವಳೇ. ಬ್ರೆಟ್ಸೆಲ್ ಎಂಬ ಗಂಟುಹಾಕಿದ ಉಪ್ಪು ಬ್ರೆಡ್ಡನ್ನು ಕಾಗದದ ಚೀಲಕ್ಕೆ ಹಾಕಿ, ಬಲಗೈಯಲ್ಲಿ ಚೀಲ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ ಕೊಡುವುದು ಅವಳ ರೀತಿ. ಒಮ್ಮೆ ಓವನ್ನಿನ ತಟ್ಟೆ ತಗುಲಿ ಬಲಗೈ ಸುಟ್ಟಿತ್ತು. ಆ ವಾರವೆಲ್ಲ ಅವಳು ಚೀಲವನ್ನು ಕೌಂಟರಿನ ಮೇಲಿಟ್ಟು, "ದಯವಿಟ್ಟು ನೀವೇ ತಗೊಳ್ಳಿ" ಎಂದು ಜರ್ಮನ್‌ನಲ್ಲಿ ಬೇಡಿಕೊಂಡಳೇ ಹೊರತು ಎಡಗೈಯಲ್ಲಿ ಯಾರಿಗೂ ಕೊಡಲಿಲ್ಲ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಬಡಿಸಲು ಹೋದಾಗಲೆಲ್ಲ ಅಜ್ಜಿಯ ಸೌಟು ಬೆರಳಿಗೆ ಬೀಳುತ್ತಿತ್ತು. ಆ ಸೌಟು ಇನ್ನೂ ಅವಳ ತಲೆಯೊಳಗೆ ತೂಗಾಡುತ್ತಿತ್ತು.

ಊರಿನ ನಾಟಕ ಸಂಘ ಪ್ರತಿ ಶರತ್ಕಾಲದಲ್ಲೂ ಒಂದು ನಾಟಕ ಆಡುತ್ತದೆ. ಅದಕ್ಕೆ ಕಾಂತಾಮಣಿಯನ್ನೂ ಪ್ರತಿ ವರ್ಷ ಕರೆಯುತ್ತಿದ್ದರು, ಸಮೋಸಾ ಮಾಡಲು.

"ಸಮೋಸಾ ಏನು ನಮ್ಮೂರ ತಿಂಡಿಯಾ?" ಎಂದು ಅವಳು ಗಂಡನ ಹತ್ತಿರ ಗೊಣಗುತ್ತಿದ್ದಳು. "ನಾನು ಕಲ್ತಿದ್ದೇ ಇಲ್ಲಿಗೆ ಬಂದ್ಮೇಲೆ, ಯೂಟ್ಯೂಬ್ ನೋಡಿ."

"ಹಾಗಾದ್ರೆ ಮುದ್ದೆ ಮಾಡ್ಕೊಂಡು ಹೋಗು, ಮುಂದಿನ ವರ್ಷ ಕರೆಯಲ್ಲ" ಎನ್ನುತ್ತಿದ್ದ ಯಶವಂತ.

ಈ ವರ್ಷ ಸಂಘ ನಡೆಸುವ ಗುಡ್ರುನ್ ಐರ್ಲೆಂಡಿನಲ್ಲಿ ಸೈಕಲ್ ತುಳಿದು ಬಂದವಳೇ, ಅಲ್ಲಿನ ಹಳ್ಳಿಯೊಂದರಲ್ಲಿ ನಡೆಯುವ ಕೊಲೆಯ ನಾಟಕ ಬರೆದಳು. ಜನ ಕೇಕ್ ತಿನ್ನುತ್ತ ನೋಡುವುದು, ಕೊಲೆಗಾರ ಯಾರೆಂದು ಪ್ರತಿ ಟೇಬಲ್ಲಿನವರೂ ಚೀಟಿ ಬರೆದು ಕೊಡುವುದು, ಸರಿಯಾಗಿ ಹೇಳಿದವರಿಗೆ ಒಂದು ಬುಟ್ಟಿ ಬಹುಮಾನ. ಟೀ ಅಂಗಡಿಯ ಮಿಸೆಸ್ ಫ್ಲ್ಯಾನಗನ್ ಪಾತ್ರ ಕಾಂತಾಮಣಿಗೆ. ಇವಳ ಬನ್ನು ಕಲ್ಲಿನ ಹಾಗಿದೆ ಎಂದು ಚರ್ಚಿನಲ್ಲಿ ಎಲ್ಲರೆದುರು ಹೇಳಿದ ಪಾದ್ರಿಗೆ ಅವಳು ಟೀಯಲ್ಲಿ ವಿಷ ಹಾಕುತ್ತಾಳೆ.

"ನಿಮ್ಮ ಮೇಲೆ ಯಾರಿಗೂ ಅನುಮಾನ ಬರಲ್ಲ, ಫ್ರಾವ್ ಕಾಂತಾ" ಎಂದಿದ್ದಳು ಗುಡ್ರುನ್, ಜರ್ಮನ್ ರೀತಿಯಲ್ಲಿ ಶ್ರೀಮತಿ ಸೇರಿಸಿ. "ಸುಳಿವು ಒಂದೇ. ಕೊಲೆಗಾರ ಎಡಗೈಯವನು. ನೀವು ಕಪ್ಪನ್ನು ಎಡಗೈಯಲ್ಲಿ ಕೊಡಬೇಕು, ಅಷ್ಟೇ. ಇದು ಚೆನ್ನಾಗಿ ಬಂದರೆ ಪ್ರತಿ ವರ್ಷ ನಿಮಗೊಂದು ಪಾತ್ರ."

ಅಷ್ಟೇ ಎಂದರೆ ಅಷ್ಟೇ ಅಲ್ಲ ಎಂಬುದು ಕಾಂತಾಮಣಿಗೆ ಗೊತ್ತಿತ್ತು. ಅದಕ್ಕೇ ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಗುರು ಸಿಂಚನಾ. ಅವಳು ಹುಟ್ಟಾ ಎಡಚಿ. ಎಡಗೈಯಲ್ಲಿ ಚಪಾತಿ ಹಾಕಬೇಡ, ಎಡಗೈಯಲ್ಲಿ ನೀರು ಕೊಡಬೇಡ ಎಂದು ಬೈಸಿಕೊಂಡೇ ಬೆಳೆದವಳಿಗೆ ಈಗ ಹಬ್ಬ.

"ನೋ, ಮಮ್ಮಿ. ಎಗೇನ್" ಎನ್ನುತ್ತಿದ್ದಳು. "ಕೈ ಯಾಕೆ ಹಾಫ್‌ವೇ ಸ್ಟಾಪ್ ಆಗ್ತಿದೆ? ಇಟ್ಸ್ ಜಸ್ಟ್ ಎ ಹ್ಯಾಂಡ್."

"ನಿಂಗೇನು ಗೊತ್ತು? ನಮ್ಮಜ್ಜಿ ನೋಡಿದ್ರೆ ಇಷ್ಟೊತ್ತಿಗೆ ಚರ್ಮ ಸುಲೀತಿದ್ರು."

"ಅಜ್ಜಿಗೆ ನಾಟಕದ ಟಿಕೆಟ್ ಕೊಟ್ಟಿಲ್ಲ. ಎಗೇನ್."

ಕೊನೆಗೆ ಕೈ ಪಳಗಿತು. ಸಂಘದ ತಾಲೀಮಿನಲ್ಲೂ ಕಾಂತಾಮಣಿ ಎಡಗೈಯಲ್ಲಿ ಕಪ್ಪು ನೀಡಿದಳು, ಗುಡ್ರುನ್ ಚಪ್ಪಾಳೆ ತಟ್ಟಿದಳು. ಆದರೆ ಮನೆಯಲ್ಲಾಗಲಿ ಅಲ್ಲಾಗಲಿ ಕಪ್ಪು ಖಾಲಿ ಇತ್ತು. ಖಾಲಿ ಕಪ್ಪು ಬರೀ ಪಿಂಗಾಣಿ ಎಂಬುದು ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಊರಿನ ಸಭಾಂಗಣ ತುಂಬಿತ್ತು. ಪಾದ್ರಿಯ ವೇಷದಲ್ಲಿ ಹೇಬರ್ಲೆ ಕುಳಿತಿದ್ದ. ದಿನಾ ಬೇಕರಿಗೆ ಬರುವ, ಬಿಳಿ ಹುಬ್ಬಿನ ಹಿರಿಯ ಜೀವ. ನಾಟಕವೆಂದು ಟೀ ಬದಲು ಬರೀ ಬಿಸಿನೀರು ಕೊಟ್ಟರೆ ಮುದುಕನ ಗಂಟಲಿಗೆ ಹಿತವಿರದು ಎಂದು ಕಾಂತಾಮಣಿ ಮನೆಯಿಂದಲೇ ಶುಂಠಿ ಏಲಕ್ಕಿ ಹಾಕಿದ ಟೀ ಮಾಡಿ ತಂದಿದ್ದಳು. ಅಲ್ಲೇ ಎಡವಟ್ಟಾಯಿತು. ಕಪ್ಪಿನಿಂದ ಹಬೆ ಎದ್ದಿತು, ಏಲಕ್ಕಿ ಘಮ್ಮೆಂದಿತು, ಎದುರಿಗೆ ಹಿರಿಯರೊಬ್ಬರು ಕಾಯುತ್ತ ಕುಳಿತಿದ್ದರು. ಎಡಗೈ ಅರ್ಧ ದಾರಿ ಹೋಯಿತು. ಅಷ್ಟರಲ್ಲಿ ಬಲಗೈ ತಾನಾಗಿ ಬಂದು ಕಪ್ಪನ್ನು ಇಸಿದುಕೊಂಡು, ಎಡಗೈಯನ್ನು ಮೊಣಕೈಗೆ ಕಳಿಸಿ, ಪಾದ್ರಿಗೆ ಭಕ್ತಿಯಿಂದ ವಿಷ ಕೊಟ್ಟಿತು.

ಮುಂದಿನ ಸಾಲಿನಲ್ಲಿದ್ದ ಸಿಂಚನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಹೇಬರ್ಲೆ ಪೂರ್ತಿ ಟೀ ಕುಡಿದು, ತುಟಿ ಒರೆಸಿಕೊಂಡು, ಆಮೇಲೆ ಸಾಯಲು ಶುರುಮಾಡಿದ. ಕುರ್ಚಿ ಹಿಡಿದು ಸತ್ತ, ಮೇಜು ಹಿಡಿದು ಸತ್ತ, ಒಮ್ಮೆ ಎದ್ದು ಆಶೀರ್ವಾದ ಮಾಡಿ ಮತ್ತೆ ಸತ್ತ. ಪರದೆಯ ಹಿಂದಿದ್ದು ಇದೊಂದನ್ನೂ ನೋಡಿರದ ಗುಡ್ರುನ್ ಇನ್‌ಸ್ಪೆಕ್ಟರ್ ವೇಷದಲ್ಲಿ ಬಂದು ಕಪ್ಪು ನೋಡಿದಳು. ಚಮಚ ಎಡಕ್ಕಿದೆ, ಕೊಲೆಗಾರ ಎಡಗೈಯವನು ಎಂದಳು. ಜನ ಕೇಕ್ ಮುಗಿಸಿ ಚೀಟಿ ಬರೆದರು.

ಗುಡ್ರುನ್ ಒಂದೊಂದೇ ಚೀಟಿ ಬಿಡಿಸಿದಳು. ಎಲ್ಲದರಲ್ಲೂ ಪಾದ್ರಿಯ ಹೆಸರೇ. ಹೇಬರ್ಲೆ ನಿಜಕ್ಕೂ ಎಡಚ, ಆಶೀರ್ವಾದವನ್ನೂ ಎಡಗೈಯಲ್ಲೇ ಮಾಡಿದ್ದ. ಪಾದ್ರಿ ತನ್ನ ಟೀಗೆ ತಾನೇ ವಿಷ ಹಾಕಿಕೊಂಡ ಎಂದು ಇಡೀ ಊರು ತೀರ್ಮಾನಿಸಿತ್ತು.

"ಇಲ್ಲ" ಎಂದಳು ಗುಡ್ರುನ್, ಬಿಳಿಚಿಕೊಂಡು. "ಕೊಂದದ್ದು ಮಿಸೆಸ್ ಫ್ಲ್ಯಾನಗನ್."

"ಆಕೆ ಬಲಗೈಯಲ್ಲಿ ಕೊಟ್ಟಳು, ನಾವೆಲ್ಲ ನೋಡಿದ್ದೇವೆ" ಎಂದು ಹಿಂದಿನ ಟೇಬಲ್ಲಿನಿಂದ ಒಬ್ಬ ಕೂಗಿದ. "ಇದು ಮೋಸ."

ಗುಡ್ರುನ್ ಕಾಂತಾಮಣಿಯತ್ತ ತಿರುಗಿದಳು. ಆ ನೋಟದಲ್ಲಿ ಕಾಂತಾಮಣಿಗೆ ಮುಂದಿನ ವರ್ಷಗಳ ಸಮೋಸಾಗಳೆಲ್ಲ ಸಾಲಾಗಿ ಕಂಡವು. ಅವಳು ಟವೆಲ್ಲಿನಿಂದ ಕೈ ಒರೆಸಿಕೊಂಡು ವೇದಿಕೆಯ ಅಂಚಿಗೆ ಬಂದಳು.

"ಕೊಂದದ್ದು ನಾನೇ" ಎಂದಳು, ತನಗೆ ಬರುವಷ್ಟು ಜರ್ಮನ್‌ನಲ್ಲಿ. "ವಿಷ ಕಲಸಿದ್ದು ಎಡಗೈಯಲ್ಲಿ. ಆದರೆ ಕೊಡುವಾಗ ಹೇಗೆ ಕೊಡಲಿ? ಮನೆಗೆ ಬಂದವರು, ಮೇಲಾಗಿ ಹಿರಿಯರು. ವಿಷವಾದರೂ ಬಲಗೈಯಲ್ಲೇ ಕೊಡಬೇಕು."

ಅಷ್ಟರಲ್ಲಿ ಮುಂದಿನ ಟೇಬಲ್ಲಿನಲ್ಲಿದ್ದ ಅಜ್ಜಿಯೊಬ್ಬಳು, ಬೇಕರಿಯ ಹಳೆಯ ಗಿರಾಕಿ, ಊರುಗೋಲು ಕುಟ್ಟಿ ಎದ್ದು ನಿಂತಳು.

"ಹೌದು ಮತ್ತೆ. ಕೈ ಸುಟ್ಟುಕೊಂಡಾಗಲೂ ಇವಳು ನನಗೆ ಎಡಗೈಯಲ್ಲಿ ಬ್ರೆಟ್ಸೆಲ್ ಕೊಟ್ಟವಳಲ್ಲ. ನಮಗೆ ಗೊತ್ತಾಗಬೇಕಿತ್ತು. ಪೆದ್ದರು ನಾವು."

ಮೊದಲು ನಕ್ಕದ್ದು ಹೆಣ. ನೆಲದ ಮೇಲೆ ಹೇಬರ್ಲೆಯ ಹೊಟ್ಟೆ ಕುಲುಕುಲು ಕುಣಿಯಿತು. ಅದನ್ನು ನೋಡಿ ಮಿಕ್ಕವರೂ ನಕ್ಕರು. ಕೊನೆಗೆ ಗುಡ್ರುನ್ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಅದರಿಂದಲೇ ಕಣ್ಣೀರು ಒರೆಸಿಕೊಂಡಳು. ಬಹುಮಾನದ ಬುಟ್ಟಿ ಊರುಗೋಲಿನ ಅಜ್ಜಿಗೆ ಹೋಯಿತು.

"ರೀ, ಮರ್ಯಾದೆ ಹೋಯ್ತಾ?" ಎಂದು ಕಾಂತಾಮಣಿ ಬಾಗಿಲಲ್ಲಿ ಸಿಕ್ಕ ಗಂಡನನ್ನು ಕೇಳಿದಳು.

"ನಂಗೆ ಅದಲ್ಲ ಕಣೇ ಯೋಚನೆ" ಎಂದ ಯಶವಂತ. "ಇಷ್ಟು ವರ್ಷ ನೀನು ಬಲಗೈಲೇ ಕೊಟ್ಟ ಕಾಫಿ ಎಲ್ಲಾ ಕುಡ್ದಿದೀನಿ."

ಮರುದಿನ ಬೆಳಗ್ಗೆ ಬೇಕರಿಗೆ ಬಂದವರೆಲ್ಲ ಚೀಲ ತೆಗೆದುಕೊಳ್ಳುವ ಮೊದಲು ಅವಳ ಕೈ ನೋಡಿ ನಗುತ್ತಿದ್ದರು. ಹೇಬರ್ಲೆ ತನ್ನ ಬ್ರೆಟ್ಸೆಲ್ ಮೂಸಿ ನೋಡಿ, ಏಲಕ್ಕಿ ವಾಸನೆ ಇಲ್ಲವಲ್ಲ ಎಂದು ಬೇಸರಪಟ್ಟ. ಅವನ ಹಿಂದೆಯೇ ಗುಡ್ರುನ್ ನಿಂತಿದ್ದಳು.

"ಮುಂದಿನ ವರ್ಷ ನೀವು ಇನ್‌ಸ್ಪೆಕ್ಟರ್, ಫ್ರಾವ್ ಕಾಂತಾ" ಎಂದಳು. "ಮತ್ತೆ, ಆ ಸಮೋಸಾ..."

"ಇನ್‌ಸ್ಪೆಕ್ಟರ್‌ಗಳು ಸಮೋಸಾ ಕರಿಯಲ್ಲ" ಎಂದು ಕಾಂತಾಮಣಿ ಅವಳ ಚೀಲವನ್ನು ಬಲಗೈಯಲ್ಲಿ ನೀಡಿದಳು.