ಮದ್ದಿನವಳು ಗುರಾಣಿ ಹಿಡಿದ ಭಾನುವಾರ

ನಾನು ಪಾರ್ಟು ಹಂಚಿ ಬದುಕಿದವನು. ಎಸ್ಸೆಸ್ಸೆಲ್ಸಿ ಮುಗಿಸಿ ಹಾರ್ಮೋನಿಯಂ ಕಲಿತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರಾಗಿ ವಯಸ್ಸೆಲ್ಲ ತಿರುಗಿದೆ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಿನವರು ಬಂದು ಕರೆಯುವರು. ಹೋದ ಮೊದಲ ಸಂಜೆಯ ಕೆಲಸವೇ ಪಾರ್ಟು ಹಂಚುವುದು. ಕಿರೀಟ ಯಾರ ತಲೆಗೆ, ಗದೆ ಯಾರ ಕೈಗೆ, ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವವರು ಯಾರು, ಎಲ್ಲ ನನ್ನ ಬಾಯಿಂದಲೇ ಬರಬೇಕು. ಕಂಠ ನೋಡಿ, ಆಳು ನೋಡಿ ಕೊಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ಯಾರ ಮಗ, ಯಾವ ಬೀದಿಯವನು ಎಂಬುದು ಕಂಠಕ್ಕಿಂತ ಮೊದಲೇ ನನ್ನ ಕಣ್ಣಿಗೆ ಬೀಳುತ್ತಿತ್ತು.

ನಾಗಲಮಡಿಕೆ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಕಾಯುವವನೊಬ್ಬ ರಾಜನ ಪಾರ್ಟಿನ ಹಾಡುಗಳನ್ನೆಲ್ಲ ದೂರದಲ್ಲಿ ಕೂತು ಕೇಳಿಯೇ ಬಾಯಿಪಾಠ ಮಾಡಿದ್ದ. ಎಷ್ಟು ಮೇಲಿನ ಸ್ವರಕ್ಕೆ ಹೋದರೂ ಅವನ ಗಂಟಲು ಬಿರಿಯುತ್ತಿರಲಿಲ್ಲ. ಅವನಿಗೆ ದ್ವಾರಪಾಲಕನ ಪಾರ್ಟು ಕೊಟ್ಟೆ. ಅವನು ಮರುಮಾತಾಡದೆ ಈಟಿ ಹಿಡಿದು ನಿಂತ. ಮರುಮಾತಾಡದಿದ್ದುದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಈಗ ಬೆರಳುಗಳು ಹಾರ್ಮೋನಿಯಂ ಮನೆಗಳ ಮೇಲೆ ಓಡುವುದಿಲ್ಲ. ಮಧುಗಿರಿಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದೇನೆ. ಮೊಮ್ಮಗಳು ಡಿಗ್ರಿ ಓದುತ್ತಾಳೆ. ಅವಳೇ ಈ ಆಟವನ್ನು ಮನೆಗೆ ತಂದದ್ದು. ಇದಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಕತೆ ನಡೆಸಬೇಕು, ಉಳಿದವರು ಒಬ್ಬೊಬ್ಬ ವೀರನೋ ಮಂತ್ರವಾದಿಯೋ ಆಗಿ ತಾನು ಏನು ಮಾಡುತ್ತೇನೆಂದು ಹೇಳಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ಗೆದ್ದಂತೆ, ಕಡಿಮೆ ಬಿದ್ದರೆ ಸೋತಂತೆ.

ಅವಳ ಜೊತೆ ಕಾಲೇಜಿನ ಮೂವರು ಸ್ನೇಹಿತರು ಬರುತ್ತಿದ್ದರು. ಪಾವಗಡದ ಹುಡುಗ, ಶಿರಾದ ಹುಡುಗ, ಕೊಳಾಲದ ಹುಡುಗಿ. ಕತೆ ನಡೆಸುವುದು ನನ್ನ ಪಾಲಿಗೆ ಬಂತು.

"ನಾಟ್ಕದ ಮೇಷ್ಟ್ರನ್ನ ಮನೇಲಿ ಇಟ್ಕೊಂಡು ಬೇರೆಯೋರ್ನ ಎಲ್ಲಿ ಹುಡ್ಕಾನ? ನೀನೇ ನಡ್ಸು ತಾತ" ಎಂದಳು ಮೊಮ್ಮಗಳು.

ಮೊದಲ ಭಾನುವಾರ ಎಲ್ಲರೂ ಹಜಾರದಲ್ಲಿ ಚಾಪೆ ಹಾಸಿ ಕೂತರು. ನಾಲ್ಕು ಪಾರ್ಟುಗಳಿದ್ದವು. ಎದುರು ನಿಂತು ಏಟು ತಿನ್ನುವ, ಏಟು ಕೊಡುವ ಕತ್ತಿಯಾಳು. ದೂರದಿಂದ ಬಾಣ ಬಿಡುವವನು. ಮಂತ್ರ ಹಾಕುವವನು. ಇವರೆಲ್ಲರ ಹಿಂದೆ ನಿಂತು ಗಾಯಕ್ಕೆ ಮದ್ದು ಹಾಕುವವಳು.

"ತಾತಾ, ಬಿಲ್ಲು ನಂಗೆ. ಹತ್ರ ಹೋಗಿ ಹೊಡೆಸ್ಕೊಳೋ ಶೌಕ್ ನಂಗಿಲ್ಲ" ಎಂದ ಶಿರಾದವನು.

"ಮಂತ್ರ ನಂದು. ಬಾಯಿ ತೆಗುದ್ರೆ ಬೆಂಕಿ ಉಗುಳ್ತೀನಿ. ಏಮಂಟಾವ್ ರಾ, ಏನಂತೀಯ?" ಎಂದು ಪಾವಗಡದವನು ಅವನ ತೊಡೆಗೆ ತಟ್ಟಿದ.

"ನೀನು ಬಾಯಿ ತೆಗುದ್ರೆ ಸಾಕು ಕಣ್ಲಾ, ಬೆಂಕಿ ಯಾಕೆ? ವಾಸ್ನೇಗೇ ಬಿದ್ದೋಯ್ತಾರೆ" ಎಂದಳು ಮೊಮ್ಮಗಳು.

ಕೊಳಾಲದ ಹುಡುಗಿ ನಗುತ್ತ ನನ್ನ ಕಡೆ ತಿರುಗಿ, "ನಾನು ಮುಂದೆ ನಿಲ್ಲೋಳು ತಾತ. ಕತ್ತಿ, ಗುರಾಣಿ" ಎಂದಳು.

ಅವಳು ಬಾಗಿಲೊಳಗೆ ಕಾಲಿಟ್ಟಾಗಲೇ ನಾನು "ಯಾರ ಪೈಕಿ ಕಣಮ್ಮ?" ಎಂದು ಕೇಳಿ ಆಗಿತ್ತು. "ನಾವು ಬೌದ್ಧರು ತಾತ. ಕಾಲೋನೀಲಿ ಮನೆ. ಅಪ್ಪ ಸ್ಕೂಲ್ ಮೇಷ್ಟ್ರು" ಎಂದು ನೇರವಾಗಿ ಹೇಳಿದ್ದಳು. ಒಳ್ಳೆಯದು ಎಂದಿದ್ದೆ.

ಈಗ ಹೇಳಿದೆ: "ನಿಂದು ಸಮಾಧಾನದ ಮುಖ ಕಣಮ್ಮ. ಮದ್ದು ಹಾಕೋ ಪಾರ್ಟು ನಿಂಗೆ ಒಪ್ತದೆ. ಕತ್ತಿ ನನ್ನ ಮೊಮ್ಮಗಳಿಗಿರ್ಲಿ."

ಸಮಾಧಾನದ ಮುಖ ಎಂಬ ಮಾತು ಆಮೇಲೆ ಹುಟ್ಟಿದ್ದು. ತೀರ್ಮಾನ ಅದಕ್ಕೂ ಮೊದಲೇ ಆಗಿತ್ತು. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಆಯ್ತು ತಾತ" ಎಂದಳು.

ನನ್ನ ಕತೆಯ ಕೋಟೆ ಚನ್ನರಾಯನದುರ್ಗದ ಹಾಗಿತ್ತು. ಬಾಗಿಲ ಮೇಲೆ ಬಾಗಿಲು, ಒಂದೊಂದಕ್ಕೂ ಒಬ್ಬ ರಾಕ್ಷಸ ಕಾವಲುಗಾರ. ನಾನು ಕಲಿಸಿದ ನಾಟಕಗಳೆಲ್ಲ ಯುದ್ಧದಲ್ಲೇ ಮುಗಿಯುತ್ತಿದ್ದವು, ಜನ ಕಾಯುತ್ತಿದ್ದುದೂ ಅದಕ್ಕೇ. ಹಾಗಾಗಿ ಈ ಆಟವನ್ನೂ ಬಾಗಿಲು ಬಾಗಿಲಿಗೆ ಯುದ್ಧಕ್ಕೆ ತಿರುಗಿಸಿದೆ. ಯುದ್ಧವೇ ಆಟವಾದರೆ ಮದ್ದಿನವಳಿಗೆ ಕೆಲಸ ಕಡಿಮೆ. ಮೂವರೂ ಹೊಡೆದು ಕೂಗಾಡುವಾಗ ಅವಳು ತನ್ನ ಸರದಿಗೆ ಕಾಯುತ್ತಾ ಕೂರಬೇಕು. ಸರದಿ ಬಂದರೆ, ಯಾರ ಗಾಯ ದೊಡ್ಡದು ಎಂದು ಕೇಳಿ, ಮದ್ದು ಹಾಕಿ, ಮತ್ತೆ ಸುಮ್ಮನಾಗಬೇಕು.

ಅವಳು ಸುಮ್ಮನೆ ಕೂರಲಿಲ್ಲ. ಮೂರನೆಯ ಬಾಗಿಲಲ್ಲಿ, "ಈ ಕಾವಲುಗಾರ ಊಟ ಮಾಡಿ ಎಷ್ಟೊತ್ತಾಯ್ತು?" ಎಂದು ಕೇಳಿದಳು.

"ಅದ್ಯಾಕೆ ಬೇಕು?" ಎಂದೆ.

"ನನ್ನ ಚೀಲದಲ್ಲಿ ಮುದ್ದೆ ಐತೆ. ಕೊಟ್ಟು ಮಾತಾಡಿಸ್ತೀನಿ. ಇವನು ಯಾರಿಗೆ ಹೆದರಿ ಇಲ್ಲಿ ನಿಂತವ್ನೆ ಅಂತ ಕೇಳ್ತೀನಿ."

"ಅರೆ, ಒಂದು ಚಾನ್ಸ್ ಕೊಡಿ ತಾತ" ಎಂದ ಶಿರಾದವನು. "ನನ್ನ ಬಾಣಾನೂ ಖಾಲಿ ಆಗ್ತಾ ಅವೆ."

"ಮುದ್ದೆ ಹಾಕಿ ಕೋಟೆ ಗೆದ್ದೋರು ಉಂಟೇನ್ರೋ? ರಾಕ್ಷಸ ಎದ್ದ. ದಾಳ ಹಾಕಿ" ಎಂದೆ.

ಆ ಕಾವಲುಗಾರನ ಬಾಯಿಂದ ಮಾತು ಹೊರಡಿಸಲು ನನಗೆ ಒಂದು ಕ್ಷಣ ಸಾಕಾಗಿತ್ತು. ಆದರೆ ಅವನು ಮಾತಾಡಿಬಿಟ್ಟರೆ ಗೆಲುವು ಕತ್ತಿಯದಾಗದೆ ಹಿಂದೆ ನಿಂತವಳದಾಗುತ್ತಿತ್ತು.

ಹೀಗೆ ತಿಂಗಳುಗಳು ಕಳೆದವು. ಕಡೆಯ ಬಾಗಿಲಿಗೆ ಬಂದ ಭಾನುವಾರ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ದೊಡ್ಡ ರಾಕ್ಷಸನನ್ನು ತಂದೆ. ಬಾಣ ಮುಗಿದವು. ಮಂತ್ರವಾದಿ ಮಂತ್ರ ತೀರಿ ಒಂದು ಕಂಬದ ಹಿಂದೆ ಕೂತ. ಮೊಮ್ಮಗಳ ಕತ್ತಿಯಾಳು ನೆಲಕ್ಕೆ ಬಿದ್ದಳು. ಆಗ ಕೊಳಾಲದ ಹುಡುಗಿ ಮೊಣಕಾಲ ಮೇಲೆ ಎದ್ದು ಕೂತು, "ಕಡೇ ಮದ್ದನ್ನ ಅವಳ ಬಾಯಿಗೆ ಹಾಕ್ತೀನಿ. ಅವಳು ಎಚ್ಚರ ಆಗೋಗಂಟ ಗುರಾಣಿ ನಂಗೆ. ನಾನು ಮುಂದೆ ನಿಲ್ತೀನಿ" ಎಂದಳು.

"ಒಂದೇಟಿಗೆ ಸಾಯ್ತೀಯ ಕಣೇ" ಎಂದಳು ಮೊಮ್ಮಗಳು.

"ಅವನ ಏಟು ತಪ್ಪಿದ್ರೆ?" ಎಂದಳು ಅವಳು.

ರಾಕ್ಷಸನ ಏಟಿಗೆ ದಾಳ ಹಾಕಬೇಕಾದವನು ನಾನು. ನನ್ನ ಮುಂದೆ ಸೀರೆ ಡಬ್ಬದ ರಟ್ಟನ್ನು ಅಡ್ಡ ಇಟ್ಟುಕೊಂಡಿದ್ದೆ. ಕತೆ ನಡೆಸುವವನ ದಾಳ ಬೇರೆಯವರಿಗೆ ಕಾಣಬಾರದೆಂದು ಮೊಮ್ಮಗಳೇ ಹೇಳಿಕೊಟ್ಟ ಪದ್ಧತಿ ಅದು. ಹಾಕಿದೆ. ಎರಡು ಬಿತ್ತು. ರಾಕ್ಷಸನ ಏಟು ತಪ್ಪಿತ್ತು. ಮುಂದಿನ ಸರದಿ ಕೊಳಾಲದ ಹುಡುಗಿಯದು. ರಾಕ್ಷಸನಲ್ಲಿ ಉಳಿದಿದ್ದ ಬಲ ಒಂದು ಸಾಧಾರಣ ಏಟಿಗೆ ಮುಗಿಯುವಷ್ಟೇ ಇತ್ತು.

"ಹತ್ತೊಂಬತ್ತು" ಎಂದೆ.

ಬಾಯಿ ತಪ್ಪಿ ಬಂದ ಮಾತಲ್ಲ. ಬಾಗಿಲಲ್ಲಿ ನಿಂತವನು ರಂಗದ ನಡುವೆ ಬಂದು ಯುದ್ಧ ಗೆದ್ದರೆ ನಾಟಕ ಕೆಟ್ಟಿತು ಎಂಬ ಹಳೆಯ ಮೇಷ್ಟ್ರ ಲೆಕ್ಕ ಅದು. ಗೆಲುವು ನನ್ನ ಮನೆಯ ಮಗುವಿಗೆ ಸಿಗಲಿ ಎಂಬ ಆಸೆಯೂ ಅದರ ಜೊತೆಗಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಇಂದಿಗೂ ಹೇಳಲಾರೆ.

ಮದ್ದಿನವಳು ಸತ್ತಳು. ಮೊಮ್ಮಗಳ ಕತ್ತಿಯಾಳು ಎದ್ದು ರಾಕ್ಷಸನನ್ನು ಕಡಿದಳು. ಹುಡುಗರು ಚಪ್ಪಾಳೆ ಹೊಡೆದರು. ಕೊಳಾಲದ ಹುಡುಗಿಯೂ ಹೊಡೆದಳು. ನಾನು ಉದಾರಿಯಂತೆ, "ಯೋಚ್ನೆ ಮಾಡ್ಬೇಡ ಕಣಮ್ಮ. ಅವಳ ತಂಗಿ ಒಬ್ಬಳು ಬರ್ತಾಳೆ, ಅವಳ ಕೈಲೂ ಮದ್ದು ಐತೆ. ಮುಂದಿನ ವಾರದಿಂದ ಅದು ನಿನ್ನ ಪಾರ್ಟು" ಎಂದೆ. ಅವಳು ಎದ್ದು ಬಸ್ಸಿಗೆ ಹೊರಟಳು. ಒಬ್ಬಟ್ಟು ಕಟ್ಟಿಕೊಡುತ್ತೇನೆಂದು ಸೊಸೆ ಹೇಳಿದರೂ ನಿಲ್ಲಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪರೀಕ್ಷೆ ಇರಬೇಕು ಎಂದಳು ಮೊಮ್ಮಗಳು. ಇವಳಿಗಿಲ್ಲದ ಪರೀಕ್ಷೆ ಅದೇ ಕ್ಲಾಸಿನ ಗೆಳತಿಗೆ ಎಲ್ಲಿಂದ ಬರಬೇಕು? ಹುಡುಗಿಗೆ ದಾಳ ಕಂಡಿದೆ, ನನ್ನ ಸುಳ್ಳು ಗೊತ್ತಾಗಿದೆ ಎಂದುಕೊಂಡೆ. ಮಗನಿಗೆ ಸಂಬಂಧಿಕರ ಮನೆಗೆ ಹೋಗುತ್ತೇನೆಂದು ಹೇಳಿ ಕೊರಟಗೆರೆಯ ಬಸ್ಸು ಹತ್ತಿದೆ. ಅದೂ ಸುಳ್ಳೇ. ಕಿಟಕಿಯ ಪಕ್ಕ ಕೂತಾಗ ಆ ಕುರಿಯವನ ಗಂಟಲು ನೆನಪಾಯಿತು. ಅವನು ಇದ್ದಾನೋ ಇಲ್ಲವೋ, ವಿಚಾರಿಸಿದವನೇ ಅಲ್ಲ ನಾನು. ಕೊರಟಗೆರೆಯಲ್ಲಿ ಇಳಿದು ಕೊಳಾಲದ ಬಸ್ಸು ಹಿಡಿದೆ.

ಹುಡುಗಿ ಮನೆಯ ಮುಂದೆ ತಾಯಿಯ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಾಯಿ ಎದ್ದು ಕುರ್ಚಿ ತಂದಿಟ್ಟರು. ಹುಡುಗಿ ಏಳಲಿಲ್ಲ.

"ಏನ್ ತಾತ, ಇಷ್ಟು ದೂರ?"

"ಆಟಕ್ಕೆ ಬರ್ಲಿಲ್ವಲ್ಲ ಕಣಮ್ಮ."

"ಮನ್ಸಾಗ್ಲಿಲ್ಲ."

ಹೇಳಿಬಿಟ್ಟೆ. "ಅವತ್ತು ಎರಡು ಬಿದ್ದಿತ್ತು. ನಾನು ಹತ್ತೊಂಬತ್ತು ಅಂದೆ. ನೀನು ಸಾಯ್ಬೇಕಾಗಿರ್ಲಿಲ್ಲ. ರಾಕ್ಷಸ ನಿನ್ನ ಕೈಲೇ ಬೀಳ್ತಿದ್ದ."

ಅವಳ ಕೈ ನಿಂತಿತು.

"ಇದು ನಂಗೆ ಗೊತ್ತಿರ್ಲಿಲ್ಲ ತಾತ."

"ಮತ್ಯಾಕೆ ಬರ್ಲಿಲ್ಲ?"

"ಸತ್ತಿದ್ದಕ್ಕೆ ಅಲ್ಲ. ಆಟ ಅಂದ್ಮೇಲೆ ಸಾಯೋದು ಇರ್ತದೆ. ಅವಳಿನ್ನೂ ಅಲ್ಲೇ ಬಿದ್ದವಳೆ, ಆಗ್ಲೇ ಇನ್ನೊಬ್ಬಳು ಮದ್ದಿನೋಳನ್ನ ತಂದು ನನ್ನ ಕೈಗೆ ಕೊಟ್ರಲ್ಲ. ನಿಂಗೇನು ಬೇಕು ಅಂತ ಒಂದು ಮಾತು ಕೇಳ್ಲಿಲ್ಲ. ಎಷ್ಟು ಸಲ ಸತ್ತು ಹುಟ್ಟಿದ್ರೂ ನಿಮ್ಮ ಕಣ್ಣಿಗೆ ನಾನು ಅದೇ ಅಂತ ಅವತ್ತು ಗೊತ್ತಾಯ್ತು."

"ದೊಡ್ಡೋರ ಹತ್ರ ಇಂಗಾ ಮಾತಾಡೋದು?" ಎಂದರು ತಾಯಿ.

"ಆಡ್ಲಿ ಬುಡಿ ತಾಯಿ" ಎಂದೆ. "ತಪ್ಪಾಯ್ತು ಕಣಮ್ಮ. ದಾಳದ್ದೂ ತಪ್ಪು, ಪಾರ್ಟು ಕೊಟ್ಟಿದ್ದೂ ತಪ್ಪು. ಮೊದಲ್ನೇ ದಿನ ನಿನ್ನ ಮನೆ ಎಲ್ಲಿ ಅಂತ ಕೇಳಿ ಆಮೇಲೆ ಪಾರ್ಟು ಕೊಟ್ಟೆ."

"ಗೊತ್ತು" ಎಂದಳು. ಆ ಒಂದು ಪದದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಇನ್ನೊಂದು ಹುಣಸೆಹಣ್ಣು ಕೈಗೆತ್ತಿಕೊಂಡು ಅವಳೇ ಕೇಳಿದಳು: "ದಾಳದ ವಿಚಾರ ನಿಮ್ಮ ಮೊಮ್ಮಗಳಿಗೆ ಹೇಳಿದೀರಾ?"

"ಇಲ್ಲ."

"ಅವಳಿಗೆ ಹೇಳಿ. ರಾಕ್ಷಸನ್ನ ಕಡ್ದಿದ್ದು ನಾನೇ ಅಂತ ಕಾಲೇಜೆಲ್ಲ ಹೇಳ್ಕೊಂಡು ತಿರುಗ್ತಾವಳೆ ಪಾಪ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೊಟ್ಟ ಕಾಫಿ ಕುಡಿದು ಬಂದೆ.

ಅವತ್ತು ಸಂಜೆ ಮೊಮ್ಮಗಳು ಮಹಡಿಯ ಮೇಲೆ ಬಟ್ಟೆ ಎತ್ತುತ್ತಿದ್ದಾಗ ಎಲ್ಲ ಹೇಳಿದೆ. ಪಾರ್ಟು ಯಾಕೆ ಹಾಗೆ ಹಂಚಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವಳು ಮಡಿಸುತ್ತಿದ್ದ ಟವಲನ್ನು ಹಾಗೆಯೇ ಹಿಡಿದು ನಿಂತಳು.

"ನಂಗೆ ಗೆಲ್ಸಿಕೊಡು ಅಂತ ನಾನು ಕೇಳಿದ್ನಾ ತಾತ?"

"ಇಲ್ಲ ಮಗ."

"ಅವಳು ಕಡೇ ಮದ್ದನ್ನ ತಾನು ಕುಡೀದೆ ನನ್ನ ಬಾಯಿಗೆ ಹಾಕಿದ್ಲು. ನಾನು ಅವಳ ಹೆಣದ ಮೇಲೆ ನಿಂತ್ಕೊಂಡು ಚಪ್ಪಾಳೆ ಹೊಡೆಸ್ಕೊಂಡೆ." ಟವಲನ್ನು ರಾಶಿಯ ಮೇಲೆ ಹಾಕಿದಳು. "ಕತ್ತಿ ನಂಗೇ ಯಾಕೆ ಬಂತು ಅಂತ ನಾನೂ ಒಂದಿನ ಕೇಳ್ಲಿಲ್ವಲ್ಲ."

ಅವಳು ಬಟ್ಟೆಯ ರಾಶಿ ಎತ್ತಿಕೊಂಡು ಕೆಳಗಿಳಿದಳು. ಒಂದು ವಾರ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬಾ, ಮಾತ್ರೆ ತಗೋ, ಅಷ್ಟೇ.

ಆಮೇಲೆ ಆಟ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಈಗ ಕೊರಟಗೆರೆಯಲ್ಲಿ ಯಾರದೋ ಅಂಗಡಿಯ ಮೇಲಿನ ಕೋಣೆಯಲ್ಲಿ ನಾಲ್ವರೂ ಸೇರುತ್ತಾರೆ. ಪಾವಗಡದವನು ಕತೆ ನಡೆಸುತ್ತಾನಂತೆ. ದಾಳವನ್ನು ಎಲ್ಲರ ನಡುವೆ ಹಾಕುತ್ತಾನಂತೆ. ಕೊಳಾಲದ ಹುಡುಗಿಯೇ ಮುಂದೆ ನಿಲ್ಲುತ್ತಾಳೆ. ಮೊದಮೊದಲು ಮೊಮ್ಮಗಳು ಬಂದು ಏನೂ ಹೇಳುತ್ತಿರಲಿಲ್ಲ. ಈಚೆಗೆ ಅಷ್ಟಿಷ್ಟು ಹೇಳುತ್ತಾಳೆ. ಒಂದು ಭಾನುವಾರ ಆ ಹುಡುಗಿಯ ಗುರಾಣಿ ಎರಡು ಹೋಳಾಯಿತಂತೆ, ಆದರೂ ಹಿಂದೆ ಸರಿಯಲಿಲ್ಲವಂತೆ. ಇನ್ನೊಂದು ಭಾನುವಾರ ಅವಳೇ ಕತ್ತಿಯನ್ನು ಒರೆಗೆ ಹಾಕಿ ಕಾವಲುಗಾರನೊಡನೆ ಮಾತಿಗೆ ಕೂತಳಂತೆ. ಅವನು ಬಾಗಿಲು ತೆಗೆದನಂತೆ.

ಕೇಳುತ್ತ ಕೇಳುತ್ತ ನನಗೂ ಒಂದು ದಿನ ಹೋಗಿ ಮೂಲೆಯಲ್ಲಿ ಕೂರಬೇಕೆನಿಸಿತು. ಆಡುವುದಕ್ಕಲ್ಲ, ನೋಡುವುದಕ್ಕೆ. ಆ ಹುಡುಗಿಯನ್ನು ಕೇಳಿ ಬಾ ಎಂದು ಮೊಮ್ಮಗಳಿಗೆ ಹೇಳಿದೆ. ಉಳಿದವರು ಒಪ್ಪುತ್ತಾರೆ, ಅವಳು ಒಪ್ಪಬೇಕು.

ಆ ಭಾನುವಾರ ಮೊಮ್ಮಗಳು ಸಂಜೆಯ ಬಸ್ಸಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ನೋಡಿದಳು.

"ಕೇಳ್ದೆ ತಾತ. ಈಗ್ಲೇ ಬ್ಯಾಡ ಅಂದ್ಲು."

ಆಗಲಿ ಎಂದೆ. ಹಾಗಾದರೆ ಯಾವಾಗ ಎಂದು ಕೇಳಲಿಲ್ಲ.