ಹೊಳಿಯಮ್ಮನ ಖಾನಾವಳಿಯಲ್ಲಿ ಪ್ರಬಂಧದ ಪಾಠ

ಕುಷ್ಟಗಿಯಲ್ಲಿ ಹೊಳಿಯಮ್ಮನ ಖಾನಾವಳಿಗೆ ಬೋರ್ಡು ಇಲ್ಲ. ಗಜೇಂದ್ರಗಡದ ರಸ್ತೆಗೆ ಹೊರಳುವಲ್ಲಿ, ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಮೈ ಹಚ್ಚಿಕೊಂಡು ನಿಂತ ತಗಡಿನ ಶೆಡ್ಡು ಅದು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಜನ ಒಳಗೆ ಬರುತ್ತಾರೆ. ಲಾರಿ ಡ್ರೈವರುಗಳು, ದಾಳಿಂಬೆ ದಲಾಲರು, ಕೋರ್ಟಿಗೆ ಅಲೆದು ಸುಸ್ತಾದ ಕಕ್ಷಿದಾರರು, ಎಲ್ಲರಿಗೂ ಅಲ್ಲಿ ಒಂದೇ ಊಟ: ಬಿಸಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಪಲ್ಯ ಖಾರವಾಯ್ತೆಂದು ಯಾರಾದರೂ ಗೊಣಗಿದರೆ, "ಖಾರ ಆದ್ರ ನೀರ ಕುಡೀರಿ, ಭಾಷಣ ಬ್ಯಾಡ" ಅನ್ನುತ್ತಾಳೆ. ಹಾಗೆನ್ನುವ ಹಕ್ಕು ಅವಳಿಗಿದೆ. ಅವಳು ಮಾಡಿದಷ್ಟು ಭಾಷಣ ಈ ತಾಲ್ಲೂಕಿನಲ್ಲಿ ಯಾವ ಗಂಡಸೂ ಮಾಡಿಲ್ಲ.

ಹುಟ್ಟಿದ್ದು ಯಲಬುರ್ಗಾ ಸೀಮೆಯ ಬೇವೂರಿನಲ್ಲಿ. ಮೆಟ್ರಿಕ್ ಮುಗಿಯುವ ಹೊತ್ತಿಗೇ ಕೂಲಿ ಹೆಣ್ಣುಮಕ್ಕಳ ಸಂಘ ಸೇರಿದಳು. ಸಾರಾಯಿ ಅಂಗಡಿ ಮುಚ್ಚಿಸುವ ಗದ್ದಲದಲ್ಲಿ ಪೊಲೀಸರ ಲಾಠಿಗೆ ಮುಂಗೈ ಮುರಿಯಿತು. ಅದು ಎಡಗೈ, ಬಲಗೈಲಿ ಬರೆಯುವುದು ನಿಲ್ಲಲಿಲ್ಲ. ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ಮಂತ್ರಿಗೆ ಹೋಗುವ ಮನವಿಗಳನ್ನೆಲ್ಲ ಬರೆಯುತ್ತಿದ್ದವಳು ಅವಳೇ. ಧರಣಿಯ ಟೆಂಟಿನಲ್ಲಿ ಕೂತುಕೊಂಡೇ ಅಂಚೆಯ ಮೂಲಕ ಬಿ.ಎ. ಮುಗಿಸಿದಳು. ಗಂಡ ಇದ್ದ, ಈಗಿಲ್ಲ. ಅದರ ಬಗ್ಗೆ ಅವಳು ಮಾತಾಡುವುದಿಲ್ಲ, ನಮಗೂ ಬೇಡ.

ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಅದೇ ಟೇಬಲ್ಲುಗಳ ಮೇಲೆ ಪಾಠ ಶುರುವಾಗುತ್ತದೆ. ಸಾಲಿಗೆ ಹೋಗದೆ ಮನೆಯಲ್ಲೇ ಓದುವ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬನಿಗೆ ಮಾಸ್ತರರ ಜೊತೆ ಜಗಳ, ಇನ್ನೊಬ್ಬಳಿಗೆ ಕಾಲಿನ ತೊಂದರೆ, ಮತ್ತೊಬ್ಬರ ಮನೆಯವರು ದುಡಿಮೆಗೆಂದು ಊರೂರು ಅಲೆಯುವವರು. ಮುಕ್ತ ಶಾಲೆಯ ಪರೀಕ್ಷೆ ಕಟ್ಟಿ ಪಾಸಾಗಲು ಗೈಡುಗಳಿವೆ, ಫೋನಿದೆ. ಆದರೆ ಒಳ್ಳೆಯ ಕಾಲೇಜಿನ ಸೀಟಿಗೆ ಈಗ ಎದುರಿಗೆ ಕೂರಿಸಿ ಪ್ರಬಂಧ ಬರೆಸುತ್ತಾರೆ. ಅದಕ್ಕೆ ಗೈಡಿಲ್ಲ. ಅದಕ್ಕೆ ಹೊಳಿಯಮ್ಮ ಇದ್ದಾಳೆ. ನನಗಿಂತ ಚೆನ್ನಾಗಿ ಬರವಣಿಗೆ ಕಲಿಸುವವರು ಈ ಸುತ್ತಿನಲ್ಲಿ ಯಾರಿದ್ದಾರೆ ಎಂಬ ಗತ್ತು ಅವಳಿಗಿತ್ತು, ಸಿದ್ದಾರ್ಥ ಫೇಲಾಗುವ ತನಕ.

ಸಿದ್ದಾರ್ಥ ಅವಳ ಮೊದಲ ಜಾಣ ಶಿಷ್ಯ. ದೂರದ ಒಂದು ದೊಡ್ಡ ಕಾಲೇಜಿನ ಪರೀಕ್ಷೆ ಬರೆದು ಬಂದ, ಅವರು ತೆಗೆದುಕೊಳ್ಳಲಿಲ್ಲ. ಅವನ ಅಭ್ಯಾಸದ ಹಾಳೆಗಳನ್ನು ಹೊಳಿಯಮ್ಮ ಕುಬೇರಪ್ಪನವರ ತಾಟಿನ ಪಕ್ಕ ಇಟ್ಟಳು. ಕುಬೇರಪ್ಪ ಡಿಗ್ರಿ ಕಾಲೇಜಿನಿಂದ ನಿವೃತ್ತರಾದ ಕನ್ನಡ ಮಾಸ್ತರರು, ದಿನಾ ಮಧ್ಯಾಹ್ನ ಅಲ್ಲೇ ಊಟ.

ಅವರು ಓದುತ್ತ ಓದುತ್ತ ನಗತೊಡಗಿದರು.

"ಯಾಕ ನಗ್ತೀರಿ ಸರ?"

"ಮಳೆನೀರು ಕೊಯ್ಲಿನ ಬಗ್ಗೆ ಬರಿ ಅಂದ್ರ, ಕಡೀಗಿ ಏನಂತ ಬರದಾನ ನೋಡವಾ. 'ಈ ಬೇಡಿಕೆ ಈಡೇರದಿದ್ದಲ್ಲಿ ಉಗ್ರ ಹೋರಾಟ ಅನಿವಾರ್ಯ.' ಯಾರ ಮ್ಯಾಲ ಹೋರಾಟ? ಮೋಡದ ಮ್ಯಾಲೇನು?"

ಪಕ್ಕದ ಟೇಬಲ್ಲಿನವರೂ ನಕ್ಕರು. ಹೊಳಿಯಮ್ಮನ ಮುಖ ಕಾದ ಹೆಂಚಾಯಿತು. "ತಪ್ಪೇನೈತಿ? ಕೇಳೋದನ್ನ ಗಟ್ಟ್ಯಾಗಿ ಕೇಳ್ಯಾನ."

"ಇದು ಮನವಿ. ಮನವಿಯೊಳಗ ನಮ್ಮದಷ್ಟ ಸರಿ, ಎದುರಿನವ ಕಳ್ಳ. ಪ್ರಬಂಧದಾಗ ಎದುರಿನವನಿಗೂ ಕುರ್ಚಿ ಹಾಕಿ ಕುಂದರಸಬೇಕು. ಅವನ ಮಾತು ಪೂರ್ತಿ ಕೇಳಿ, ಆಮ್ಯಾಲ ಬೇಕಾದ್ರ ಎಬ್ಬಿಸಿ ಕಳಸು."

ಅವತ್ತು ಹೊಳಿಯಮ್ಮ ಅವರಿಗೆ ಎರಡನೇ ಸಲ ಮಜ್ಜಿಗೆ ಹಾಕಲಿಲ್ಲ. ಸಿಟ್ಟು ಒಂದು ವಾರ ಇತ್ತು. ಆಮೇಲೆ ಇಳಿಯಿತು, ಯಾಕೆಂದರೆ ಮಾತು ಖರೇ ಇತ್ತು. ಧರಣಿಯಲ್ಲಿ ಕಲಿತದ್ದನ್ನೇ ಅವಳು ಮಕ್ಕಳಿಗೆ ಉಣಿಸಿದ್ದಳು. ಎಲ್ಲ ಹುಡುಗರೂ "ಮಾನ್ಯರೇ" ಎಂದು ಶುರು ಮಾಡಿ ಎಚ್ಚರಿಕೆ ಕೊಟ್ಟು ಮುಗಿಸುತ್ತಿದ್ದರು. ತಪ್ಪು ಗೊತ್ತಾದ ಮೇಲೆ ಅಳುತ್ತ ಕೂರುವ ಹೆಂಗಸಲ್ಲ ಅವಳು. ಹೊಸ ರಿವಾಜು ತಂದಳು. ಬರೆದದ್ದನ್ನು ಊಟದ ಹೊತ್ತಿನಲ್ಲಿ ಗಿರಾಕಿಗಳೆದುರು ನಿಂತು ಓದಬೇಕು. ಯಾರಾದರೂ "ಯಾಕ?" ಅಂದರೆ ನಿಲ್ಲಿಸಬೇಕು, ಉತ್ತರ ಹೇಳಬೇಕು, ಆ ಉತ್ತರ ಪ್ರಬಂಧದೊಳಗೆ ಬರಬೇಕು. ಛಲೋ ಪ್ರಶ್ನೆ ಕೇಳಿದವರಿಗೆ ಒಂದು ಗ್ಲಾಸು ಮಜ್ಜಿಗೆ ಪುಕ್ಕಟೆ.

ಮಜ್ಜಿಗೆ ಆಸೆಗೆ ಡ್ರೈವರುಗಳು ಏನೇನೋ ಕೇಳಿದರು. "ಗಿಡ ಯಾಕ ಹಚ್ಚಬೇಕು?" ಅಂದ ಒಬ್ಬ. "ಹೆಣ್ಣು ಹುಡುಗ್ಯಾರು ಯಾಕ ಓದಬೇಕು?" ಅಂತ ಕೇಳಿದವನಿಗೆ ಹೊಳಿಯಮ್ಮ, "ನಿನ್ನಂಥವ್ರಿಗೆ ಲೆಕ್ಕ ಮಾಡಿ ಚಿಲ್ಲರ ಕೊಡಾಕ" ಅಂದಳು. ಆದರೂ ಹುಡುಗರನ್ನು ಬಿಡಲಿಲ್ಲ. "ನಗಬ್ಯಾಡ, ಉತ್ತರ ಹೇಳು. ಪ್ರಶ್ನಿ ಹುಚ್ಚ ಇದ್ರ ಉತ್ತರ ಶಾಣ್ಯಾ ಇರ್ಲಿ."

ಈ ರಿವಾಜಿನಲ್ಲಿ ಪಳಗಿದವಳು ಅತೀಯಾ. ಅವಳಪ್ಪ ರಾಜಾಸಾಬ ಅರಳೆ ತುಂಬಿ ಗಾದಿ ಮಾಡುವವನು. ಹತ್ತಿ ಬಿಡಿಸಿದ ಮೇಲೆ, ಲಗ್ನದ ಸೀಜನ್ನು ಮುಗಿಯುವ ತನಕ ಟಂಟಂ ಗಾಡಿಯ ಮೇಲೆ ಹತ್ತಿ ಹಿಂಜುವ ಮಶೀನು ಹೇರಿಕೊಂಡು ಹೆಂಡತಿ ಅಬೇದಾಬಿ, ಮಗಳೊಂದಿಗೆ ಊರೂರು ತಿರುಗುತ್ತಾನೆ. ಪ್ರತಿ ವರ್ಷ ಸಾಲಿಯಲ್ಲಿ ಅತೀಯಾಳ ಹೆಸರು ಹೊಡೆದು ಹಾಕುವುದು, ಮಳೆಗಾಲದಲ್ಲಿ ಮತ್ತೆ ಬರೆಸುವುದು ನಡೆದಿತ್ತು. ಬೇಸತ್ತು ರಾಜಾಸಾಬ ಮನೆಯಲ್ಲೇ ಓದಿಸಿದ. ಗಾದಿಗೆ ಟಾಕಿ ಹೊಲಿಗೆ ಹಾಕುತ್ತ ತಾಯಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಹುಡುಗಿ ಮುಕ್ತ ಶಾಲೆಯ ಹನ್ನೆರಡನೇ ಇಯತ್ತೆ ಮುಗಿಸಿ, ಸಿದ್ದಾರ್ಥನಿಗೆ ತಪ್ಪಿದ್ದ ಅದೇ ಕಾಲೇಜಿಗೆ ಅರ್ಜಿ ಹಾಕಿದಳು. ಅವಳ ಪಾಠ ತಪ್ಪಬಾರದೆಂದು ಈ ಸಲ ಅಪ್ಪ ಅವ್ವ ಸುತ್ತಲಿನ ಊರುಗಳಿಗಷ್ಟೇ ಹೋಗಿ ಸಂಜೆಗೆ ಕುಷ್ಟಗಿಯ ಮನೆಗೆ ಮರಳುತ್ತಿದ್ದರು. ಪ್ರಬಂಧ ಕನ್ನಡದಲ್ಲೂ ಬರೆಯಬಹುದು. ಪರೀಕ್ಷೆ ಕೊಪ್ಪಳದಲ್ಲಿ. ಪಾಸಾದರೆ ಓದು, ಹಾಸ್ಟೆಲ್ಲು, ಊಟ ಎಲ್ಲ ಕಾಲೇಜಿನದೇ. ಇಲ್ಲವಾದರೆ ಮುಂದಿನ ಸೀಜನ್ನಿಗೂ ಟಂಟಂ ಹತ್ತಬೇಕು. ಅತೀಯಾಗೆ ಅದು ಸುತಾರಾಂ ಬೇಡವಾಗಿತ್ತು.

ಪರೀಕ್ಷೆ ಹತ್ತಿರ ಬಂತು. ಹೊಳಿಯಮ್ಮ ಹಳೆಯ ಪ್ರಶ್ನೆಯೊಂದನ್ನು ಕೊಟ್ಟಳು: ನಿಮ್ಮ ಸುತ್ತಲಿನ ಒಂದು ಕಸುಬು ಉಳಿಯಬೇಕೆ? ಅತೀಯಾ ಬರೆದು ತಂದು ಸಂತೆಯ ದಿನ ತುಂಬಿದ ಖಾನಾವಳಿಯಲ್ಲಿ ನಿಂತು ಓದಿದಳು. ಗಾದಿ ಕಸುಬು ಉಳಿಯುವುದು ಬೇಡ ಎಂದಿದ್ದಳು. ಅರಳೆಯ ಧೂಳು ಹೋಗಿ ಹೋಗಿ ಎದೆಯೊಳಗೆ ಕೂರುತ್ತದೆ, ಅಪ್ಪ ಬೆಳಗಾದರೆ ಕೆಮ್ಮುತ್ತಾನೆ, ಅವ್ವನ ಬೆರಳು ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿವೆ, ಅರಳೆಯ ಗಾದಿ ಎರಡೇ ವರ್ಷಕ್ಕೆ ಗಂಟುಗಂಟಾಗುತ್ತದೆ, ಅಂಗಡಿಯ ಫೋಮಿನ ಗಾದಿಯೇ ವಾಸಿ. ಒಬ್ಬರೂ "ಯಾಕ" ಅನ್ನಲಿಲ್ಲ. ಹೊಳಿಯಮ್ಮನಿಗೆ ಖುಷಿಯಾಯಿತು. ಒಂದು ಬಾಯಿಯೂ ತೆರೆಯಲಿಲ್ಲವೆಂದರೆ ಬರಹ ಗಟ್ಟಿ ಎಂದುಕೊಂಡಳು.

ಮೂಲೆಯಲ್ಲಿ ಉಣ್ಣುತ್ತಿದ್ದವನು ಬೇವೂರಿನ ಗ್ಯಾನಪ್ಪ. ಮಗಳ ಲಗ್ನಕ್ಕೆ ರಾಜಾಸಾಬನಿಗೆ ಗಾದಿ ಹೇಳಿದ್ದ. ಕೈ ತೊಳೆದವನೇ ಫೋನು ಹಚ್ಚಿದ: "ರಾಜಾಸಾಬ, ನನಗ ಗಾದಿ ಬ್ಯಾಡಪಾ. ನಿನ್ನ ಮಗಳ ಹೇಳ್ಯಾಳ, ಫೋಮ್ ತಗೋರಿ ಅಂತ."

ಸಂಜೆಗೆ ಅತೀಯಾ ಕೆಂಪು ಕಣ್ಣು ಮಾಡಿಕೊಂಡು ಬಂದಳು. "ಅಕ್ಕೋರ, ಅಬ್ಬಾ ಪರೀಕ್ಷಾಕ ಕಳಸಂಗಿಲ್ಲ ಅಂತಾರ. ಹಾಸ್ಟೆಲ್ ಒಪ್ಪಿಗಿಗೆ ಸಹಿನೂ ಹಾಕಂಗಿಲ್ಲಂತ. ಅಪ್ಪನ ಹೊಟ್ಟಿ ಮ್ಯಾಲ ಕಾಲಿಡೂದು ಕಲಿಸೋ ಓದು ನಮಗ್ಯಾಕ ಅಂದ್ರು."

"ನೀ ಬರದಿದ್ದು ಖರೇನೋ ಸುಳ್ಳೋ?"

"ಖರೇ ರೀ."

"ಹಂಗಾರ ಅಳಬ್ಯಾಡ. ಹೋಗಿ ಮುಖಾ ತೊಳ್ಕೊ."

ಮರುದಿನ ಹೊಳಿಯಮ್ಮ ಒಲೆಯನ್ನು ಕೆಲಸದವಳಿಗೆ ಒಪ್ಪಿಸಿ, ರಾಜಾಸಾಬ ಕೆಲಸಕ್ಕೆ ಹೋಗಿದ್ದ ಬೇವೂರಿನ ಬಸ್ಸು ಹತ್ತಿದಳು. ಯಾರದೋ ಮನೆಯ ಅಂಗಳದಲ್ಲಿ ರಾಜಾಸಾಬನ ಮಶೀನು ಗುರ್ರನೆ ತಿರುಗುತ್ತಿತ್ತು. ಅವನ ಮೀಸೆ, ಹುಬ್ಬು, ಟೋಪಿ ಎಲ್ಲ ಅರಳೆಯಿಂದ ಬೆಳ್ಳಗಾಗಿದ್ದವು. ಅವಳನ್ನು ನೋಡಿಯೂ ಮಶೀನು ನಿಲ್ಲಿಸಲಿಲ್ಲ. ಹೊಳಿಯಮ್ಮ ಹೋಗಿ ಬಟನ್ ಒತ್ತಿ ತಾನೇ ನಿಲ್ಲಿಸಿದಳು.

"ಅಕ್ಕಾ, ಕೆಲಸದಾಗ ಅದೀನಿ."

"ನಾನೂ ಕೆಲಸಕ್ಕ ಬಂದೀನಿ. ಸಹಿ ಯಾಕ ಹಾಕವಲ್ಲಿ?"

"ನನ್ನ ಕಸಬಿನ ಮಾನಾ ಸಂತ್ಯಾಗ ಹರಾಜ ಹಾಕ್ಯಾಳ. ನೀವು ಮಜ್ಜಿಗಿ ಕೊಟ್ಟು ಕೇಳ್ಸೀರಿ."

"ಮಜ್ಜಿಗಿ ಯಾರಿಗೂ ಕೊಟ್ಟಿಲ್ಲ. ಒಬ್ಬರೂ ಪ್ರಶ್ನಿ ಕೇಳ್ಲಿಲ್ಲ." ಆ ಮಾತು ಬಾಯಿಂದ ಬಿದ್ದ ಮೇಲೆ ಹೊಳಿಯಮ್ಮನಿಗೇ ಏನೋ ಹೊಳೆಯಿತು. ಉಂಡವರೆಲ್ಲ ಗಾದಿಯ ಮೇಲೆ ಮಲಗುವವರು. ಗಾದಿ ಮಾಡುವವನು ಅಲ್ಲಿರಲಿಲ್ಲ. ಯಾರು ಏನೆಂದು ಕೇಳಬೇಕಿತ್ತು?

"ಅಕಿ ಬರದದ್ದೆಲ್ಲ ಸುಳ್ಳಂತೀಯೇನು?" ಎಂದು ಕೇಳಿದಳು.

"ಅರ್ಧ ಸುಳ್ಳು! ಗಂಟಾಕ್ಕೈತಂತ ಬರದಾಳ. ಗಂಟಾದ್ರ ಒಗೀತಾರೇನು? ಬಿಚ್ಚಿ, ಹಿಂಜಿ, ಬಿಸಲಿಗಿ ಹಾಕಿ ಮತ್ತ ತುಂಬೋದು. ಈ ಅರಳಿ ನೋಡ್ರಿ, ಈ ಮನಿ ಮುದುಕಿ ಲಗ್ನದ್ದು. ಈಗ ಮೊಮ್ಮಗಳ ಲಗ್ನಕ್ಕ ಹಿಂಜಾಕತ್ತೀನಿ. ಫೋಮ್ ಕುಂತ್ರ ಏನ್ಮಾಡ್ತಾರ? ತಿಪ್ಪಿಗಿ ಒಗೀತಾರ, ದನಾ ತಿಂತಾವು."

"ಮತ್ತ ಕೆಮ್ಮು?"

ರಾಜಾಸಾಬ ಮಶೀನಿಗೆ ಅಂಟಿದ ಅರಳೆ ಕೀಳತೊಡಗಿದ. "ಅದು… ಬೀಡೀದೂ ಐತಿ." ಒಳಗಿನ ಕಟ್ಟೆಯ ಮೇಲೆ ಹೊಲಿಯುತ್ತ ಕೂತಿದ್ದ ಅಬೇದಾಬಿ ತಲೆ ಎತ್ತದೆ, "ಧೂಳಿಂದೂ ಐತಿ ಅಂತ ಹೇಳ್ರಿ" ಅಂದಳು.

"ಇದನ್ನೆಲ್ಲ ನನ್ನ ಮುಂದ ಹೇಳಿ ಏನುಪಯೋಗ? ಮಗಳ ಮುಂದ, ಗಿರಾಕಿ ಮುಂದ ಬಂದು ಹೇಳು. ಗ್ಯಾನಪ್ಪನ್ನೂ ಕರಸ್ತೀನಿ. ನೀ ಗೆದ್ರ ಅಕಿ ತಿದ್ದಿ ಬರೀತಾಳ. ಅಕಿ ಗೆದ್ರ ನೀ ಸಹಿ ಹಾಕ್ತಿ."

"ಇಬ್ರೂ ಗೆಲ್ಲದಿದ್ರ?"

"ಆಗ ಊಟಾ ಮಾಡಿ ಸಹಿ ಹಾಕ್ತಿ."

ರಾಜಾಸಾಬ ನಗಬಾರದೆಂದು ಮೀಸೆಯ ಅರಳೆ ಒರೆಸಿಕೊಂಡ.

ಮುಂದಿನ ಸಂತೆಗೆ ಅವನು ಒಗೆದ ಅಂಗಿ ಹಾಕಿಕೊಂಡು ಬಂದ. ಅತೀಯಾ ಹಾಳೆ ಹಿಡಿದು ನಿಂತಳು. ಮೊದಲ ಸಾಲಿಗೇ ಅಪ್ಪ, "ಯಾಕ?" ಅಂದ. ಎರಡನೆಯದಕ್ಕೂ ಅಂದ. ಅರಳೆ ಗಂಟಾಗುವ ಮಾತು ಬಂತು. ಹಿಂಜಿ ತುಂಬುವುದನ್ನು, ಫೋಮು ತಿಪ್ಪೆಗೆ ಬಿದ್ದು ದನ ತಿನ್ನುವುದನ್ನು ನೀನು ಹುಟ್ಟಿದಾಗಿನಿಂದ ನೋಡಿಲ್ಲವೇ, ಬರೆಯುವಾಗ ಎಲ್ಲಿಗೆ ಹೋಗಿತ್ತು ಅದು ಎಂದು ರಾಜಾಸಾಬ ಕೇಳಿದ. ಗ್ಯಾನಪ್ಪ ತಾಟು ಬಿಟ್ಟು ಕೇಳುತ್ತಿದ್ದ. ಕುಬೇರಪ್ಪ ಮಾಸ್ತರರೂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದರು. ಹೊಳಿಯಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಅವಳಿಗೆ ಅದು ಎಷ್ಟು ಕಷ್ಟವೆಂದು ಅವಳನ್ನು ಬಲ್ಲವರಿಗೆ ಗೊತ್ತು.

ಆಮೇಲೆ ಅತೀಯಾ ಹಾಳೆ ಕೆಳಗಿಟ್ಟಳು. ಓದದೆ ಮಾತಾಡಿದಳು.

"ಅಬ್ಬಾ, ಅರಳಿ ಮಾತು ನಿಮ್ಮದ ಖರೇ. ನಾ ತಪ್ಪ ಬರದೀನಿ, ತಿದ್ದತೀನಿ. ಆದ್ರ ಧೂಳಿನ ಮಾತು ನಂದ ಖರೇ. ಮುದುಕಿ ಅರಳಿ ಮೊಮ್ಮಗಳ ತನಕ ಬಂತು. ಹಿಂಜಿದವ್ರು ಬಂದ್ರೇನು? ನಿಮ್ಮಪ್ಪ ನಿಮ್ಮಷ್ಟು ವಯಸ್ಸಿಗಿ ಯಾಕ ಹೋದ್ರು?"

ರಾಜಾಸಾಬ ಜೇಬಿನ ಬೀಡಿ ಕಟ್ಟು ತೆಗೆದು ಟೇಬಲ್ಲಿನ ಮೇಲಿಟ್ಟ.

"ಕಸುಬು ಇರ್ಲಿ," ಅಂದಳು ಅತೀಯಾ. "ಮುಖಕ್ಕ ಬಟ್ಟಿ ಕಟ್ಟಿ, ಮಶೀನಿಗಿ ಡಬ್ಬಿ ಮುಚ್ಚಿ ಮಾಡೋದಿದ್ರ ಇರ್ಲಿ. ನಾನಂತೂ ಮಾಡಂಗಿಲ್ಲ."

"ಅದನ್ನ ಬರಿ," ಎಂದರು ಕುಬೇರಪ್ಪ ಮೂಲೆಯಿಂದ. "ಇಬ್ರದೂ ಬರಿ."

ರಾಜಾಸಾಬ ಕೆಳಗಿಟ್ಟ ಹಾಳೆಯನ್ನು ಎತ್ತಿ ಮಗಳ ಕೈಗೇ ಕೊಟ್ಟ. ಆಮೇಲೆ ಹೊಳಿಯಮ್ಮನ ಕಡೆ ತಿರುಗಿ, "ಅಕ್ಕಾ, ಅಷ್ಟೂ ಪ್ರಶ್ನಿ ನಾನ ಕೇಳೀನಿ. ಮಜ್ಜಿಗಿ ಎಲ್ಲೈತಿ?" ಅಂದ. ಇಡೀ ಶೆಡ್ಡು ಗೊಳ್ಳೆಂದಿತು. ಗ್ಯಾನಪ್ಪ ಎದ್ದು ಬಂದು, "ಗಾದಿ ಮಾಡಪಾ, ಫೋಮ್ ದನಕ್ಕ ಬ್ಯಾಡ" ಅಂದ. ಸಹಿ ಅಲ್ಲೇ, ಕಲ್ಲಿನ ಟೇಬಲ್ಲಿನ ಮೇಲೆ ಬಿತ್ತು.

ಕೊಪ್ಪಳದ ಪರೀಕ್ಷೆಯಲ್ಲಿ ಬಂದದ್ದು ಬೇರೆಯೇ ವಿಷಯ, ಸಣ್ಣ ಊರುಗಳಿಗೆ ರೈಲು ಬೇಕೆ ಎಂಬುದು. ಹೊರಗೆ ಬೇವಿನ ನೆರಳಿನಲ್ಲಿ ಕಾದು ಕೂತಿದ್ದ ಹೊಳಿಯಮ್ಮ ಒಂದೇ ಮಾತು ಕೇಳಿದಳು: "ಹೋರಾಟದ ಎಚ್ಚರಿಕಿ ಕೊಟ್ಟಿಯೇನು?"

"ಇಲ್ರಿ. ರೈಲಿಗೆ ಹೊಲ ಕಳ್ಕೊಂಡವರನ್ನ ಮೊದ್ಲ ಕುಂದರಸಿ ಮಾತಾಡ್ಸೀನಿ. ಅವರು ಭಾಳ ಜಗಳಾಡಿದ್ರು. ಆಮ್ಯಾಲ ನಂದು ಹೇಳೀನಿ."

"ಯಾರ ಗೆದ್ರು?"

"ನಾನ ರೀ. ಆದ್ರ ಸ್ವಲ್ಪದ್ರಾಗ."

ಪಟ್ಟಿಯಲ್ಲಿ ಹೆಸರು ಬಂದ ದಿನ ರಾಜಾಸಾಬನೇ ಫೋನು ಹಿಡಿದುಕೊಂಡು ಖಾನಾವಳಿಗೆ ಬಂದ. ಅವತ್ತು ಟಂಟಂ ಹೊರಟಿರಲಿಲ್ಲ. ಎಲ್ಲರಿಗೂ ತೋರಿಸಿದ, ಗುರುತಿಲ್ಲದ ಡ್ರೈವರುಗಳಿಗೂ ತೋರಿಸಿದ. ಆಮೇಲೆ ಮುಖ ಗಂಟಿಕ್ಕಿಕೊಂಡು ಹೊಳಿಯಮ್ಮನ ಎದುರು ಊಟಕ್ಕೆ ಕೂತ.

"ಇಷ್ಟ ದಿನ ನನ್ನ ರೊಟ್ಟಿ ತಿಂದು ನನಗ ಎದುರು ಮಾತಾಡ್ತಿದ್ಲು. ಇನ್ನ ಅವರ ರೊಟ್ಟಿ ತಿಂದು ಎದುರು ಮಾತಾಡಾಕ ಹೊಂಟಾಳ. ಏನ್ ಲಾಭ ಅಕ್ಕಾ ನನಗ?"

"ರೊಟ್ಟಿ ಉಳೀತಲ್ಲೋ," ಅಂದಳು ಹೊಳಿಯಮ್ಮ, ಅವನ ತಾಟಿಗೆ ಇನ್ನೊಂದು ಬಿಸಿಯದು ಹಾಕಿ.